ದಿಲ್ಲಿಯ ಕನಸು ಕಂಡ ಇಬ್ನ್ ಬತೂತ

ಕಾರವಾರ ಮತ್ತು ಅಂಕೋಲಾ ನಡುವೆ ತೋಡೂರು ಎಂಬ ಊರಿದೆ. ಮಂಗಳೂರಿನಿಂದ ಗೋವಾಕ್ಕೆ ಹೋಗುವ ನಮ್ಮವರು ಬಸ್ಸಿನ ಕಿಟಕಿಯಿಂದ ನೋಡಿ ಮರೆತುಬಿಡುವ ಊರು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಕಡಲಿನಲ್ಲಿ ಅಂಜದೀವ್ ದ್ವೀಪ. ಸುಮಾರು 680 ವರ್ಷಗಳ ಹಿಂದೆ ಗೋವಾದಿಂದ ಹೊನ್ನಾವರಕ್ಕೆ ಹೊರಟ ಹಡಗೊಂದು ಇಲ್ಲಿ ಲಂಗರು ಹಾಕಿತ್ತು. ಅದರಲ್ಲಿದ್ದವರು ದಿಲ್ಲಿ ಸುಲ್ತಾನನ ರಾಯಭಾರಿ ಇಬ್ನ್ ಬತೂತ. ದ್ವೀಪದ ಗುಡಿಯ ಗೋಡೆಗೆ ಒರಗಿ ಕೂತಿದ್ದ ಜೋಗಿಯೊಬ್ಬನನ್ನು ಕಂಡದ್ದನ್ನೂ ಅವರು ತಮ್ಮ ಪ್ರವಾಸ ಕಥನದಲ್ಲಿ ಹೇಳಿದ್ದಾರೆ. ಆ ದ್ವೀಪ ಅಂಜದೀವೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಇವರು ಮೊರೊಕ್ಕೊದ ತಂಜೀರ್ ಪಟ್ಟಣದವರು. ಹುಟ್ಟಿದ್ದು 1304ರಲ್ಲಿ. 1325ರಲ್ಲಿ ಹಜ್ಜಿಗೆಂದು ಒಬ್ಬರೇ ಮನೆ ಬಿಟ್ಟಾಗ ವಯಸ್ಸು 21, ಬಾಪಾ ಉಮ್ಮ ಇಬ್ಬರೂ ಬದುಕಿದ್ದರು. ಟ್ಯೂನಿಸ್ ಮುಟ್ಟಿದಾಗ ಜೊತೆಯವರಿಗೆಲ್ಲ ಸಲಾಂ ಹೇಳುವವರು ಇದ್ದರು, ಇವರನ್ನು ಕೇಳುವವರೇ ಇಲ್ಲ. ಅಲ್ಲೇ ಅತ್ತುಬಿಟ್ಟರು. ಮೊದಲ ಸಲ ಗಲ್ಫಿಗೆ ಹೋಗಿ ಇಳಿದ ನಮ್ಮ ಹುಡುಗರಿಗೆ ಈ ಅಳು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಜ್ಜ್ ಮುಗಿಸಿ ಮಕ್ಕಾದಲ್ಲಿದ್ದಾಗ ದಿಲ್ಲಿಯ ಸುದ್ದಿ ಕಿವಿಗೆ ಬಿತ್ತು. ಅಲ್ಲಿನ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಪರದೇಶದ ವಿದ್ವಾಂಸರಿಗೆ ಕೈಬಿಚ್ಚಿ ಕೊಡುತ್ತಾನಂತೆ, ದೊಡ್ಡ ಹುದ್ದೆ ಕೊಡುತ್ತಾನಂತೆ. ಕನಸು ಹತ್ತಿತು. ಜಿದ್ದಾದಲ್ಲಿ ಹಡಗಿಗೆ ಪ್ರಯತ್ನಿಸಿದರು, ಆಗಲಿಲ್ಲ. ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರು. ಇವರು ತುರ್ಕಿ, ವೋಲ್ಗಾ ತೀರ, ಮಧ್ಯ ಏಷ್ಯಾ ಎಲ್ಲ ಸುತ್ತಿ, ಹಿಂದೂಕುಶ್ ಪರ್ವತ ದಾಟಿ 1333ರಲ್ಲಿ ಸಿಂಧೂ ನದಿಗೆ ಬಂದರು. ಮುಲ್ತಾನಿನಲ್ಲಿ ತಡೆದರು. ಇಲ್ಲೇ ಉಳಿಯಲು ಬಂದವರಿಗೆ ಮಾತ್ರ ಮುಂದಕ್ಕೆ ದಾರಿ, ಹಾಗೆಂದು ಬರೆದುಕೊಡಬೇಕಿತ್ತು. ಬರೆದುಕೊಟ್ಟರು.

1334ರಲ್ಲಿ ದಿಲ್ಲಿ ಕಂಡರು. ಹಳೆ ದಿಲ್ಲಿ, ಸಿರಿ, ತುಘಲಕಾಬಾದ್, ಜಹಾನ್‌ಪನಾಹ್ ಎಂದು ನಾಲ್ಕು ಊರು ಸೇರಿದ ಮಹಾನಗರ. ಕುತುಬ್ ಮಿನಾರ್ ನೋಡಿ ಬೆರಗಾದರು. ಆದರೆ ಜನ ಎಲ್ಲಿ? ಸುಲ್ತಾನ ಕೆಲವು ವರ್ಷಗಳ ಹಿಂದೆ ರಾಜಧಾನಿಯನ್ನು ದೌಲತಾಬಾದಿಗೆ ಕೊಂಡುಹೋಗಲು ಹೊರಟು ಊರನ್ನೇ ಎಬ್ಬಿಸಿದ್ದ. ಜಗತ್ತಿನ ಅತಿ ದೊಡ್ಡ ನಗರಗಳಲ್ಲೊಂದು ಅವರ ಕಣ್ಣಿಗೆ ಹೆಚ್ಚುಕಡಿಮೆ ಖಾಲಿಯಾಗಿ ಕಂಡಿತು. ಸುಲ್ತಾನನೂ ಊರಲ್ಲಿರಲಿಲ್ಲ. ಅವನ ತಾಯಿಯ ಅರಮನೆಯಲ್ಲಿ ಸತ್ಕಾರವಾಯಿತು.

ಬಂದು ಒಂದೂವರೆ ತಿಂಗಳಿಗೆ, ದಾರಿಯಲ್ಲಿ ಹುಟ್ಟಿದ್ದ ಹೆಣ್ಣು ಮಗು ತೀರಿಕೊಂಡಿತು. ವರ್ಷ ತುಂಬಿರಲಿಲ್ಲ. ಕನಸಿನ ಊರಲ್ಲಿ ಅವರಿಗೆ ಮೊದಲು ಸಿಕ್ಕಿದ ನೆಲ ಆ ಪುಟ್ಟ ಕಬರಿನದು.

ಆಮೇಲೆ ಸುಲ್ತಾನ ಬಂದ. ಇಬ್ನ್ ಬತೂತರನ್ನು ದಿಲ್ಲಿಯ ಖಾಝಿ ಮಾಡಿದ, ಸಂಬಳ ವರ್ಷಕ್ಕೆ 12,000 ದೀನಾರ್. ಊರಿನ ಭಾಷೆ ಬಾರದು ಎಂದಾಗ ಇಬ್ಬರು ಸಹಾಯಕರನ್ನು ಕೊಟ್ಟ. ಆದರೂ ಸಾಲ ಏರಿತು. ಸುಲ್ತಾನನಿಗೆ ಕಾಣಿಕೆ ಕೊಡಲು ಹೊಸಬರು ವ್ಯಾಪಾರಿಗಳಿಂದ ಸಾಲ ತರುವುದು ಅಲ್ಲಿನ ರೂಢಿ. ಇವರ ಸಾಲ 55,000 ದೀನಾರ್! ಖರ್ಚಿನ ಕೈಯೂ ದೊಡ್ಡದೇ ಅನ್ನಿ. ಕೊನೆಗೆ ಸುಲ್ತಾನನೇ ತೀರಿಸಿದ.

ಆದರೆ ಕೊಡುವ ಕೈಯೇ ಕೊಲ್ಲುವ ಕೈ. ಸುಲ್ತಾನನನ್ನು ಎದುರಿಸಿದ ಶೇಖ್ ಶಿಹಾಬುದ್ದೀನರ ತಲೆ ಹೋಯಿತು. ಅವರನ್ನು ಹಿಂದೊಮ್ಮೆ ನೋಡಲು ಹೋಗಿದ್ದ ತಪ್ಪಿಗೆ ಇಬ್ನ್ ಬತೂತರ ಮೇಲೂ ನಾಲ್ಕು ಜನರ ಕಾವಲು ಬಿತ್ತು. ಉಪವಾಸ, ಕುರ್‌ಆನ್ ಪಾರಾಯಣದಲ್ಲಿ ದಿನ ಕಳೆದರು. ಜೀವ ಉಳಿಯಿತು. ಇದ್ದುದನ್ನೆಲ್ಲ ದಾನ ಮಾಡಿ ಒಬ್ಬ ಫಕೀರರ ಬಳಿ ಹೋಗಿ ಕೂತರು. ಅಲ್ಲಿಂದ ಕರೆಸಿ ಸುಲ್ತಾನ ಚೀನಾಕ್ಕೆ ರಾಯಭಾರಿ ಮಾಡಿ ಕಳಿಸಿದ. ಹೀಗೆ ನಮ್ಮ ಕರಾವಳಿಗೆ ಬಂದರು.

ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆ ಕಂಡರು. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರು ಎಂದೂ ಹೇಳುತ್ತಾರೆ. ಕಲ್ಲಿಕೋಟೆಯಲ್ಲಿ ಜುಮಾಕ್ಕೆಂದು ದಡದಲ್ಲಿ ಉಳಿದರು, ರಾತ್ರಿ ಬಿರುಗಾಳಿಗೆ ಕಾಣಿಕೆಗಳ ಹಡಗು ಒಡೆಯಿತು. ಎಷ್ಟೋ ಜನ ಸತ್ತರು.

ದಿಲ್ಲಿಗೆ ಹಿಂತಿರುಗುವುದೇ? ಕಾಣಿಕೆಯನ್ನು ಬಿಟ್ಟು ನೀನೊಬ್ಬ ಹೇಗೆ ಉಳಿದೆ ಎಂದು ಸುಲ್ತಾನ ಕೇಳಿದರೆ ಏನು ಹೇಳುವುದು? ಒಂದು ಕಾಲದಲ್ಲಿ ಪರ್ವತ ದಾಟಿಸಿದ ಊರು ಈಗ ಹೆದರಿಸುತ್ತಿತ್ತು. ಹೊನ್ನಾವರಕ್ಕೇ ಬಂದರು. ಅಲ್ಲಿನ ಸುಲ್ತಾನ ಜಮಾಲುದ್ದೀನ್ 52 ಹಡಗು ಕಟ್ಟಿಕೊಂಡು ಗೋವಾ ಮೇಲೆ ದಂಡೆತ್ತಿದಾಗ ಜೊತೆಗೆ ಹೊರಟರು. ತೋಡೂರು, ಅಂಜದೀವಿನ ಎದುರಿನ ಅದೇ ಕಡಲು, ಈ ಸಲ ಉತ್ತರಕ್ಕೆ ಮುಖ. ದಿಲ್ಲಿಗೆ ಮಾತ್ರ ಮತ್ತೆಂದೂ ಹೋಗಲಿಲ್ಲ.

ಮಾಲ್ದೀವ್ಸ್, ಸಿಂಹಳ, ಚೀನಾ ಅಂತ ತಿರುಗಿ 1349ರಲ್ಲಿ ಮೊರೊಕ್ಕೊ ಮುಟ್ಟಿದರು. ಬಾಪಾ ತೀರಿ ಎಷ್ಟೋ ವರ್ಷವಾಗಿತ್ತು. ಉಮ್ಮ ಪ್ಲೇಗಿನಲ್ಲಿ ತೀರಿಹೋದ ಸುದ್ದಿ ದಾರಿಯಲ್ಲೇ ಸಿಕ್ಕಿತು. ತಂಜೀರಿಗೆ ಹೋಗಿ ಅವರ ಕಬರ್ ಝಿಯಾರತ್ ಮಾಡಿದರು.