ಯಂತ್ರವನ್ನೇ ಪರೀಕ್ಷೆಗೆ ಕೂರಿಸಿದ ಗ್ರೇಸ್ ಹಾಪರ್

ಸಾರ್ವಜನಿಕ ಹಣದಿಂದ ಗಣಕಯಂತ್ರ ಕೊಳ್ಳುವಾಗ ಮಾರಾಟಗಾರರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಅಮೆರಿಕದ ಗಣಿತಜ್ಞೆ, ನೌಕಾಪಡೆಯ ಅಧಿಕಾರಿ ಗ್ರೇಸ್ ಹಾಪರ್ ಈ ಪ್ರಶ್ನೆಗೆ ಪ್ರಾಯೋಗಿಕ ಉತ್ತರವೊಂದನ್ನು ಕೊಟ್ಟರು. ಕೋಬಾಲ್ ಭಾಷೆಯ ಪ್ರೇರಕಶಕ್ತಿಯೆಂದು ಅವರನ್ನು ಸ್ಮರಿಸುವ ನಾವು ಆ ಕೊಡುಗೆಯನ್ನು ಬಹುಮಟ್ಟಿಗೆ ಮರೆತಿದ್ದೇವೆ.

1906ರ ಡಿಸೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಹಾಪರ್, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವ್ಯಾಸರ್ ಕಾಲೇಜಿನಲ್ಲಿ ಬೋಧಿಸುತ್ತಿದ್ದ ಅವರು ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ನೌಕಾಪಡೆಯ ಮೀಸಲು ದಳ ಸೇರಿದರು. ದೇಹತೂಕ ನಿಗದಿತ ಮಿತಿಗಿಂತ ಕಡಿಮೆಯಿದ್ದುದರಿಂದ ವಿಶೇಷ ವಿನಾಯಿತಿ ಬೇಕಾಯಿತು. ಮರುವರ್ಷ ಹಾರ್ವರ್ಡ್‌ನ ಮಾರ್ಕ್-1 ಗಣಕಯಂತ್ರದ ಕೆಲಸಕ್ಕೆ ನಿಯೋಜಿತರಾದರು.

ಅಲ್ಲಿ ಸೈನ್‌ನಂತಹ ಗಣಿತ ಫಂಕ್ಷನ್‌ಗಳಿಗೆ ಬೇಕಾದ ಆದೇಶಗಳನ್ನು ಒಬ್ಬರ ಟಿಪ್ಪಣಿ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು; ನಕಲಿನಲ್ಲಿ ತಪ್ಪುಗಳು ನುಸುಳುತ್ತಿದ್ದವು. ಈ ಶ್ರಮವನ್ನು ಯಂತ್ರಕ್ಕೇ ವಹಿಸಬಾರದೇಕೆ ಎಂಬ ಆಲೋಚನೆಯ ಫಲವೇ 1952ರ ಎ-0. ಮೊದಲೇ ಸಿದ್ಧವಾಗಿದ್ದ ಆದೇಶಗುಚ್ಛಗಳನ್ನು ಅದು ತಾನೇ ಹೆಕ್ಕಿ ಜೋಡಿಸುತ್ತಿತ್ತು. ಮುಂದೆ ಅವರ ಫ್ಲೋ-ಮ್ಯಾಟಿಕ್ ಭಾಷೆಯ ಪ್ರಭಾವದಿಂದ, 1959ರಲ್ಲಿ ಕೋಬಾಲ್ ರೂಪುಗೊಳ್ಳತೊಡಗಿತು. ಯಾವ ಕಂಪನಿಯ ಯಂತ್ರದಲ್ಲಾದರೂ ಒಂದೇ ಪ್ರೋಗ್ರಾಂ ನಡೆಯಬೇಕೆಂಬುದು ಅದರ ಆಶಯ.

ಆಶಯ ಕಾಗದದ ಮೇಲಿದ್ದರೆ ಸಾಲದಷ್ಟೆ. ಒಂದೊಂದು ಕಂಪನಿಯ ಕೋಬಾಲ್ ಒಂದೊಂದು ಬಗೆಯಾಯಿತು. 1966ರ ಕೊನೆಗೆ ನಿವೃತ್ತರಾಗಿದ್ದ ಹಾಪರ್ ಅವರನ್ನು ನೌಕಾಪಡೆ 1967ರಲ್ಲಿ ಮರಳಿ ಕರೆಸಿಕೊಂಡಿತು. ಅವರ ನೇತೃತ್ವದಲ್ಲಿ ಪರೀಕ್ಷಾ ಪ್ರೋಗ್ರಾಂಗಳು ಸಿದ್ಧವಾದವು. ಕಂಪೈಲರ್ ಭಾಷೆಯ ನಿಯಮಗಳನ್ನು ಪಾಲಿಸುತ್ತದೆಯೇ ಎಂಬುದನ್ನು ಯಂತ್ರದ ಮೇಲೆ ನಡೆಸಿಯೇ ತೀರ್ಮಾನಿಸುವ ಪದ್ಧತಿ ಬಂದಿತು. ಮುಂದೆ ಅಮೆರಿಕದ ಸರ್ಕಾರಿ ಖರೀದಿಯಲ್ಲೂ ಇಂತಹ ಪರೀಕ್ಷೆಗೆ ಸ್ಥಾನ ದೊರೆಯಿತು.

ಈ ವಿವೇಕ ಇಂದಿನ ಸಿ ಭಾಷೆಯ ತಂತ್ರಾಂಶಗಳಲ್ಲಿ ದಿನನಿತ್ಯದ ರೂಢಿ. ಆ ಭಾಷೆಯ 1999ರ ಮಾನದಂಡವು ಘನಮೂಲ, 2ನ್ನು ಆಧಾರವಾಗುಳ್ಳ ಲಾಗರಿತಮ್ ಮುಂತಾದ ಫಂಕ್ಷನ್‌ಗಳನ್ನು ಸೇರಿಸಿತು. ಆದರೆ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋದಲ್ಲಿ ಅವು ದೊರೆತದ್ದು 2013ರ ಆವೃತ್ತಿಯಲ್ಲಿ. ಹೀಗಾಗಿ ತಂತ್ರಾಂಶವನ್ನು ಸಿದ್ಧಗೊಳಿಸುವ ಮುನ್ನ, ಆಟೋಕಾನ್ಫ್‌ನಂತಹ ಸಾಧನಗಳ ನೆರವಿನಿಂದ, ನಾಲ್ಕಾರು ಸಾಲಿನ ಪುಟ್ಟ ಪ್ರೋಗ್ರಾಂ ಒಂದನ್ನು ಕಂಪೈಲ್ ಮಾಡಿ, ಗಣಿತದ ಲೈಬ್ರರಿಯೊಡನೆ ಜೋಡಿಸಿ ನೋಡಲಾಗುತ್ತದೆ. ಫಂಕ್ಷನ್ ದೊರೆತರೆ ಅದು ದಾಖಲಾಗುತ್ತದೆ. ಇಲ್ಲವಾದರೆ ಬದಲಿ ಫಂಕ್ಷನ್ ಬಳಕೆಗೆ ಬರುತ್ತದೆ. ಯಂತ್ರದ ಹೆಸರು ಕೇಳಿ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಫಂಕ್ಷನ್ ಇದೆಯೆಂದ ಮಾತ್ರಕ್ಕೆ ಅದರ ಉತ್ತರ ಸರಿಯೆಂಬ ಖಾತರಿಯಿಲ್ಲ. ಅದಕ್ಕೆ ಹಾಪರ್ ತೋರಿದಂತೆ ನಡೆಸಿಯೇ ನೋಡಬೇಕು.

1986ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದ ಹಾಪರ್ 1992ರ ಜನವರಿ 1ರಂದು ನಿಧನರಾದರು. 2016ರಲ್ಲಿ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಮರಣೋತ್ತರವಾಗಿ ಸಂದಿತು. ಪದಕಗಳಿಗಿಂತ ದೊಡ್ಡ ಗೌರವವೊಂದಿದೆ. ಟೆಂಡರ್ ಕಡತಕ್ಕೆ ಸಹಿ ಹಾಕುವ ಮುನ್ನ, ಕೊಳ್ಳಲಿರುವುದನ್ನು ನಡೆಸಿ ನೋಡುವ ತಾಳ್ಮೆಯನ್ನು ಆಡಳಿತ ರೂಢಿಸಿಕೊಂಡರೆ ಅದು ಅವರಿಗೆ ಸಲ್ಲುತ್ತದೆ.