ಗೂಢಲಿಪಿಕಾರ ವೀಜನೇರ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಕೇರಿಯ ಹಿರಿಯರು ಬ್ಯಾಂಕಿನ ಸಂದೇಶಗಳನ್ನು ಓದಿಸಿಕೊಳ್ಳಲು ನನ್ನಲ್ಲಿಗೇ ಬರುತ್ತಾರೆ. ಪರರ ಗುಟ್ಟನ್ನು ಕಾಯುವ ಹೊಣೆ ಎಂಥದೆಂಬುದನ್ನು ಅದರಿಂದ ಅರಿತೆನು. ಆ ಕಾಯುವಿಕೆಯನ್ನೇ ವಿದ್ಯೆಯಾಗಿ ಬೆಳೆಸಿದ ಒಬ್ಬ ಮಹನೀಯನ ಕಥೆಯಿದು.

ಬ್ಲೇಸ್ ದ ವೀಜನೇರ್ 1523ರಲ್ಲಿ ಫ್ರಾನ್ಸಿನಲ್ಲಿ ಜನಿಸಿದನು. ಹದಿನೇಳರ ಹರೆಯದಲ್ಲೇ ರಾಜತಂತ್ರದ ಸೇವೆಗೆ ಸೇರಿದನು. 1549ರಲ್ಲಿ ರೋಮಿಗೆ ಹೋದಾಗ ಗೂಢಲಿಪಿಯ ಗ್ರಂಥಗಳೂ ಅದರಲ್ಲಿ ಪಳಗಿದವರೂ ಆತನಿಗೆ ಪರಿಚಯವಾದರು. ನಲವತ್ತೇಳನೆಯ ವಯಸ್ಸಿನಲ್ಲಿ ಸೇವೆಯನ್ನು ತೊರೆದು, ತನ್ನ ವಾರ್ಷಿಕ ವರಮಾನವನ್ನು ಪ್ಯಾರಿಸಿನ ಬಡವರಿಗೆ ಬಿಟ್ಟುಕೊಟ್ಟು ಬರವಣಿಗೆಗೆ ಕುಳಿತನು. 1586ರಲ್ಲಿ ಗೂಢಲಿಪಿಗಳನ್ನು ಕುರಿತ ಆತನ ಗ್ರಂಥ ಹೊರಬಂದಿತು.

ಒಂದು ಅಕ್ಷರಕ್ಕೆ ಸದಾ ಒಂದೇ ಬದಲಿ ಅಕ್ಷರವನ್ನಿಟ್ಟರೆ ಮರುಕಳಿಸುವ ಅಕ್ಷರಗಳೇ ಗುಟ್ಟನ್ನು ಬಯಲು ಮಾಡುತ್ತವೆ. ಒಂದು ಕೀಲಿಪದವನ್ನು ಹಿಡಿದು, ಅದರ ಅಕ್ಷರಗಳಿಗೆ ತಕ್ಕಂತೆ ಬದಲಿಸುತ್ತ ಹೋದರೂ ಅಪಾಯ ತಪ್ಪದು. ಕೀಲಿಪದ ಮರಳಿದಂತೆ ಗುರುತೂ ಮರಳುತ್ತದೆ. ವೀಜನೇರನ ಉಪಾಯ ಬೇರೆ. ಮೊದಲ ಅಕ್ಷರಕ್ಕೆ ಮಾತ್ರ ಒಂದು ಗುಪ್ತ ಅಕ್ಷರವೇ ಕೀಲಿಕೈ. ಅಲ್ಲಿಂದ ಮುಂದೆ ಸಂದೇಶದ ಹಿಂದಿನ ಅಕ್ಷರವೇ ಮುಂದಿನದಕ್ಕೆ ಕೀಲಿಕೈ. ಹಿಂದಿನ ಅಕ್ಷರದ ಗೂಢರೂಪವನ್ನೇ ಕೀಲಿಕೈಯಾಗಿಸುವ ಬಗೆಯನ್ನೂ ಆತನು ವಿವರಿಸಿದನು.

1596ರಲ್ಲಿ ಆತನು ಕಾಲವಾದನು. ವಿಧಿಯ ವಿನೋದವನ್ನು ನೋಡಿರಿ! ಕೀಲಿಪದವನ್ನು ಮರಳಿ ಮರಳಿ ಬಳಸುವ ದುರ್ಬಲ ಕ್ರಮಕ್ಕೆ ಲೋಕವು ಆತನ ಹೆಸರಿಟ್ಟಿತು. ಅದನ್ನು 1553ರಲ್ಲೇ ಪ್ರಕಟಿಸಿದವನು ಇಟಲಿಯ ಬೆಲ್ಲಾಸೊ. ಅದನ್ನು ಭೇದಿಸುವ ದಾರಿಯನ್ನು 1863ರಲ್ಲಿ ಕಸಿಸ್ಕಿ ಎಂಬಾತ ಪ್ರಕಟಿಸಿದನು. ವೀಜನೇರನ ಸ್ವಂತ ಕಾಣಿಕೆಯನ್ನು ಜನ ಮರೆತರು.

ಆದರೆ ಆ ಭಾವ ಅಳಿಯಲಿಲ್ಲ. ಇಂದು ಗಣಕಯಂತ್ರವು ಸಂದೇಶವನ್ನು ಸಮ ಅಳತೆಯ ತುಂಡುಗಳಾಗಿ ಮಾಡಿ ಗೂಢಗೊಳಿಸುತ್ತದೆ. ಒಂದೇ ಕೀಲಿಕೈಯಿಂದ ತುಂಡುಗಳನ್ನು ಬಿಡಿಬಿಡಿಯಾಗಿ ಮುಚ್ಚಿದರೆ, ಒಂದೇ ಬಗೆಯ ತುಂಡುಗಳು ಒಂದೇ ರೂಪ ತಾಳಿ ಹಳೆಯ ದೋಷ ಮರಳುತ್ತದೆ. ಆದುದರಿಂದ 1976ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ತಜ್ಞರು ಸರಪಣಿಯ ಕ್ರಮವೊಂದನ್ನು ರೂಪಿಸಿದರು: ಮುಚ್ಚಿದ ತುಂಡನ್ನು ಮುಂದಿನ ತುಂಡಿನೊಡನೆ ಬೆರೆಸಿ, ಅನಂತರ ಅದನ್ನು ಮುಚ್ಚುವುದು. ಹಿಂದೆ ಏನೂ ಇಲ್ಲದ ಮೊದಲ ತುಂಡಿಗೆ ಊಹೆಗೆ ನಿಲುಕದ ಸಂಖ್ಯೆಯೊಂದನ್ನು ಬೆರೆಸಬೇಕು. ನಾಲ್ಕು ಶತಮಾನಗಳ ಹಿಂದಿನ ಭಾವವೇ ಇಲ್ಲಿಯೂ ಇದೆ.

ಹಿಂದಿನದನ್ನು ಹೊತ್ತು ಬಂದಾಗಲೇ ಮುಂದಿನದಕ್ಕೆ ಬಲ. ನನ್ನ ತಂದೆತಾಯಿಯರಿಗೆ ಓದುಬರಹ ದಕ್ಕಲಿಲ್ಲ. ಅವರ ದುಡಿಮೆಯೇ ನನ್ನ ಮೊದಲ ಅಕ್ಷರಕ್ಕೆ ಕೀಲಿಕೈಯಾಯಿತು. ಲೋಕವು ಅವರ ಹೆಸರನ್ನೂ ಮರೆತೀತು, ನಾನು ಮರೆಯಬಾರದು.