ಬೆಳಗಾವಿ ಸೈಕಲ್ ಅಂಗಡಿಯಿಂದ ಕುಂಡಲದ ಮಾಳಕ್ಕೆ: ಲಕ್ಷ್ಮಣರಾವ್ ಕಿರ್ಲೋಸ್ಕರರ ದಾರಿ

ಸಾಂಗ್ಲಿ: ಮಿರಜದಿಂದ ಪುಣೆ ಕಡೆ ಹೊರಟ ರೈಲು ಸಾಂಗ್ಲಿ, ಭಿಲವಡಿ ದಾಟಿದ ಮೇಲೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಜತ್ತ, ಅಕ್ಕಲಕೋಟ, ಸೊಲ್ಲಾಪುರ ಭಾಗದ ಕನ್ನಡ ರೈತ ಮನೆತನಗಳಿಗೆ ಈ ಹೆಸರು ಹೊಸದೇನಲ್ಲ. ಬಾವಿ ದಂಡೆಯ ಪಂಪಿನ ಮೇಲೆ, ಹೊಲದ ಡೀಸೆಲ್ ಇಂಜಿನ್ ಮೇಲೆ ಇದೇ ಹೆಸರನ್ನು ನೋಡುತ್ತ ಎರಡು ಮೂರು ತಲೆಮಾರು ಬೆಳೆದಿವೆ. ಆದರೆ ಈ ಹೆಸರಿನ ವ್ಯಾಪಾರ ಶುರುವಾದದ್ದು ಪಂಪಿನಿಂದಲ್ಲ, ಇಂಜಿನ್ನಿನಿಂದಲೂ ಅಲ್ಲ. ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ. ಅದು 1888ರ ಮಾತು.

ಆ ಅಂಗಡಿಯ ಹಿಂದಿದ್ದವರು ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ ಮತ್ತು ಅವರ ಅಣ್ಣ ರಾಮುಅಣ್ಣ. ಬೆಳಗಾವಿಯಲ್ಲಿ ಕೈಕೆಲಸದಿಂದ ಬೆಳೆದ ಉದ್ಯಮ ಬೆಳಗಾವಿಯಲ್ಲಿ ಉಳಿಯಲಿಲ್ಲ, ಕುಂಡಲದ ಬಂಜರು ಮಾಳಕ್ಕೆ ಬಂತು. ಅದು ಏಕೆ ಬಂತು, ಬರುವಾಗ ಏನನ್ನು ಜತೆಗೆ ತಂದಿತು ಎಂಬುದು ಗಡಿಯ ಎರಡೂ ಕಡೆಯವರು ತಿಳಿದಿರಬೇಕಾದ ಸಂಗತಿ.

ಬಣ್ಣ ಕೈಕೊಟ್ಟಿತು

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶಿನಾಥಪಂತರು ವೇದಾಂತ ಓದಿಕೊಂಡವರು. ಮನೆಮಾತು ಮರಾಠಿ, ಸುತ್ತಲಿನ ಊರು ಕನ್ನಡದ್ದು. ಹುಡುಗನಿಗೆ ಎರಡೇ ಹುಚ್ಚು. ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರದ ಸಾಮಾನು ಬಿಚ್ಚಿ ನೋಡುವುದು. ಶಾಲೆಯ ಓದಿನಲ್ಲಿ ಮನಸ್ಸು ಅಷ್ಟಕ್ಕಷ್ಟೇ.

ತಂದೆಗೆ ಚಿತ್ರಕಲೆಯ ಓದು ಒಪ್ಪಿಗೆಯಾಗಲಿಲ್ಲ. ಅಣ್ಣ ರಾಮುಅಣ್ಣ ಬೆನ್ನಿಗೆ ನಿಂತರು. 1885ರಲ್ಲಿ ತಮ್ಮ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ. ಎರಡು ವರ್ಷ ಕಲಿತ ಮೇಲೆ ಗೊತ್ತಾದದ್ದು ಏನೆಂದರೆ, ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ಹತ್ತುವುದೇ ಇಲ್ಲ. ಚಿತ್ರಕಾರನಾಗುವ ಆಸೆ ಅಲ್ಲಿಗೇ ನಿಂತಿತು.

ಬಣ್ಣ ಹೋದರೂ ಗೆರೆ ಉಳಿದಿತ್ತು. ಯಂತ್ರದ ನಕ್ಷೆ ಬರೆಯಲು ಬಣ್ಣ ಬೇಕಾಗಿಲ್ಲ, ಅಳತೆ ಸರಿ ಇದ್ದರೆ ಸಾಕು. ಲಕ್ಷ್ಮಣರಾವ್ ಯಾಂತ್ರಿಕ ರೇಖಾಚಿತ್ರ ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಸಹಾಯಕ ಶಿಕ್ಷಕರಾದರು. ಬಿಡುವು ಸಿಕ್ಕಾಗ ಅಲ್ಲಿನ ವರ್ಕ್‌ಶಾಪಿನಲ್ಲಿ ಯಂತ್ರಗಳ ನಡುವೆ ಕಾಲ ಕಳೆದರು. ಇಂಜಿನಿಯರಿಂಗ್ ಪದವಿ ಇಲ್ಲದ ಮನುಷ್ಯನಿಗೆ ಅದೇ ಕಾಲೇಜಾಯಿತು.

ಓಡಿಸಲು ಕಲಿಸಿ ಮಾರಾಟ

ಮುಂಬಯಿಯ ಬೀದಿಯಲ್ಲಿ ಒಬ್ಬರು ಸೈಕಲ್ ಮೇಲೆ ಹೋಗುವುದನ್ನು ಅವರು ಮೊದಲ ಸಲ ನೋಡಿದ್ದು ಇದೇ ಕಾಲಕ್ಕೆ. ಆಗ ಸೈಕಲ್ಲೇ ಹೊಸ ವಸ್ತು. ಎರಡೂ ಗಾಲಿ ಹೆಚ್ಚು ಕಡಿಮೆ ಒಂದೇ ಅಳತೆಯಿರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ರೋವರ್ ಸೈಕಲ್ ಇಂಗ್ಲೆಂಡಿನಲ್ಲಿ ಬಂದದ್ದು 1885ರಲ್ಲಿ. ಡನ್ಲಪ್ ಅವರು ಗಾಳಿ ತುಂಬುವ ಟಯರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಉಕ್ಕಿನ ಕೊಳವೆ ಕತ್ತರಿಸಿ, ಬೆಸುಗೆ ಹಾಕಿ, ಅರದಿಂದ ಉಜ್ಜಿ ನಯ ಮಾಡಿ ಚೌಕಟ್ಟು ಕಟ್ಟುವ ಸಣ್ಣ ಸಣ್ಣ ಕಾರ್ಖಾನೆಗಳ ಕಾಲ ಅದು. ಮುಂದೆ ಜಗತ್ತಿಗೆಲ್ಲ ಗೊತ್ತಾದ ರ್‍ಯಾಲೆ ಕಂಪನಿಯೂ ನಾಟಿಂಗ್‌ಹ್ಯಾಮಿನ ಒಂದು ಬೀದಿಯ ಸಣ್ಣ ವರ್ಕ್‌ಶಾಪಿನಿಂದಲೇ ಹೊರಟದ್ದು. ನಮ್ಮ ದೇಶಕ್ಕೆ ಸೈಕಲ್ ಬರಬೇಕೆಂದರೆ ಹಡಗಿನಲ್ಲೇ ಬರಬೇಕಿತ್ತು.

ಲಕ್ಷ್ಮಣರಾವ್ ಇದರಲ್ಲಿ ವ್ಯಾಪಾರ ಕಂಡರು. ಅವರು ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವುದು, ರಾಮುಅಣ್ಣ ಅಲ್ಲಿ ಮಾರುವುದು. ಅಂಗಡಿಗೆ ಇಟ್ಟ ಹೆಸರು ಕಿರ್ಲೋಸ್ಕರ್ ಬ್ರದರ್ಸ್. ಒಂದು ಸೈಕಲ್ಲಿಗೆ ಆಗಿನ ಬೆಲೆ 700ರಿಂದ 1,000 ರೂಪಾಯಿ. ಆ ಕಾಲದಲ್ಲಿ ಅದು ಸಾಮಾನ್ಯರ ಕೈಗೆ ಎಟುಕುವ ರೊಕ್ಕ ಅಲ್ಲವೇ ಅಲ್ಲ. ರೊಕ್ಕ ಇದ್ದವರಿಗೂ ಅದನ್ನು ಹತ್ತಲು ಬರುತ್ತಿರಲಿಲ್ಲ. ಹೀಗಾಗಿ ರಾಮುಅಣ್ಣ ಸೈಕಲ್ ಮಾರುವುದರ ಜತೆಗೆ ಓಡಿಸುವುದನ್ನೂ ಕಲಿಸುತ್ತಿದ್ದರು. ಅದಕ್ಕೆ 15 ರೂಪಾಯಿ ಫೀ.

ಇಲ್ಲೊಂದು ಪಾಠ ಇದೆ. ಜನರಿಗೆ ಗೊತ್ತಿಲ್ಲದ ವಸ್ತುವನ್ನು ಅಂಗಡಿಯಲ್ಲಿ ಇಟ್ಟುಕೊಂಡು ಕುಂತರೆ ಗಿರಾಕಿ ಬರುವುದಿಲ್ಲ. ಹತ್ತಿ ತೋರಿಸಬೇಕು, ಬಿದ್ದವನನ್ನು ಎತ್ತಿ ಮತ್ತೆ ಹತ್ತಿಸಬೇಕು. ಮುಂದೆ ರೈತರ ಹತ್ತಿರ ಹೋದಾಗ ಸಹೋದರರಿಗೆ ಬೇಕಾದದ್ದು ಇದೇ ತಾಳ್ಮೆ.

ಕೆಲಸ ಬಿಟ್ಟು ಊರಿಗೆ

ಮುಂಬಯಿಯ ಆ ಶಿಕ್ಷಣ ಸಂಸ್ಥೆಯಲ್ಲಿ ಬಡ್ತಿಯ ಪಾಳಿ ಬಂದಾಗ ಲಕ್ಷ್ಮಣರಾವ್ ಅವರನ್ನು ಬಿಟ್ಟು ಒಬ್ಬ ಆಂಗ್ಲೋ ಇಂಡಿಯನ್‌ಗೆ ಆ ಹುದ್ದೆ ಕೊಟ್ಟರು. ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಅಂಗಡಿಯಲ್ಲಿ ಮಾರಾಟದ ಜತೆಗೆ ರಿಪೇರಿಯೂ ಶುರುವಾಯಿತು. ಆ ಅಂಗಡಿ ಇದ್ದ ರಸ್ತೆಗೆ ಬೆಳಗಾವಿ ಪೇಟೆಯಲ್ಲಿ ಇಂದಿಗೂ ಕಿರ್ಲೋಸ್ಕರ್ ರೋಡ್ ಎಂದೇ ಹೆಸರು. ಸಂತೆ, ಜವಳಿ ಎಂದು ಗಡಿಯಾಚೆಯಿಂದ ಬೆಳಗಾವಿಗೆ ಹೋಗುವ ಎಷ್ಟೋ ಮಂದಿ ಅದೇ ರಸ್ತೆಯಲ್ಲಿ ಅಡ್ಡಾಡಿ ಬರುತ್ತಾರೆ.

ಸೈಕಲ್ ವ್ಯಾಪಾರ ಕೆಲಕಾಲ ಚೆನ್ನಾಗಿ ನಡೆಯಿತು. ಆದರೆ ಬೇರೆಯವರು ಮಾಡಿದ ಮಾಲನ್ನು ಮಾರುವುದರಲ್ಲಿ ಲಕ್ಷ್ಮಣರಾವ್ ಅವರಿಗೆ ಸಮಾಧಾನ ಇರಲಿಲ್ಲ. ತಮ್ಮ ಕೈಯಿಂದ ಏನಾದರೂ ತಯಾರಾಗಬೇಕು, ಅದು ಇಲ್ಲಿನ ಮಂದಿಗೆ ಬೇಕಾದದ್ದಾಗಿರಬೇಕು. ಸುತ್ತಮುತ್ತ ನೋಡಿದರೆ ಇದ್ದವರೆಲ್ಲ ರೈತರು. ಹಾಗಾಗಿ ಮೊದಲು ಕೈಹಾಕಿದ್ದು ಕಣಕಿ ಕತ್ತರಿಸುವ ಯಂತ್ರಕ್ಕೆ. ಜೋಳದ ದಂಟನ್ನು ಸಣ್ಣಗೆ ಕತ್ತರಿಸಿ ಹಾಕಿದರೆ ದನ ಪೂರಾ ತಿನ್ನುತ್ತದೆ, ಮೇವು ಹಾಳಾಗುವುದಿಲ್ಲ. ಬರದ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷ ಹೋಗದ ನೇಗಿಲು

ಆಮೇಲೆ ಬಂದದ್ದು ಕಬ್ಬಿಣದ ನೇಗಿಲು. ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗೆ ಒಂದು ಬಾಗಿದ ರೆಕ್ಕೆ ಇರುತ್ತದೆ. ಅದು ಮಣ್ಣನ್ನು ಎತ್ತಿ ಬುಡಮೇಲು ಮಾಡಿ ಹಾಕುತ್ತದೆ. ಎರಿ ಭೂಮಿಯಲ್ಲಿ ಆಳಕ್ಕೆ ಬೇರು ಬಿಡುವ ಕರಕಿಯಂಥ ಕಳೆ ತೆಗೆಯಲು ಇಂಥದ್ದೇ ಬೇಕು.

ಆದರೆ ರೈತರು ಒಪ್ಪಲಿಲ್ಲ. ಕಬ್ಬಿಣ ತಾಗಿದರೆ ಭೂತಾಯಿಗೆ ವಿಷ ಏರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಮೊದಲ ನೇಗಿಲು ಮಾರಾಟ ಆಗುವುದಕ್ಕೇ ಎರಡು ವರ್ಷ ಹಿಡಿಯಿತು. ಮಾಡಿಟ್ಟ ನೇಗಿಲು ಎರಡು ವರ್ಷ ಹಾಗೇ ಕೂತರೆ ಸಣ್ಣ ಅಂಗಡಿಯ ಗತಿ ಏನಾಗಬಹುದು ಎಂಬುದು ವ್ಯಾಪಾರ ಮಾಡಿದವರಿಗೆ ಗೊತ್ತು. ಆದರೂ ಸಹೋದರರು ಬಿಡಲಿಲ್ಲ. ಒಬ್ಬ ರೈತನ ಹೊಲದಲ್ಲಿ ಬೆಳೆ ಸರಿ ಬಂದದ್ದನ್ನು ಪಕ್ಕದ ಹೊಲದವನು ನೋಡಿದರೆ ಅವನ ಮನಸ್ಸೂ ಮೆಲ್ಲಗೆ ತಿರುಗುತ್ತದೆ. ನೇಗಿಲು ನಿಧಾನಕ್ಕೆ ಸಾಗತೊಡಗಿತು.

ಜಾಗ ಖಾಲಿ ಮಾಡಿ ಎಂದರು

ಕೆಲಸ ಕುದುರುವ ಹೊತ್ತಿಗೆ ಬೇರೆ ಆಪತ್ತು ಬಂತು. ಠಳಕವಾಡಿ ಎಂಬ ಹೊಸ ಬಡಾವಣೆ ಮಾಡಲು ಬೆಳಗಾವಿ ಮುನ್ಸಿಪಾಲಿಟಿ ಜಾಗ ಬಿಡಿಸಿತು. ಇಂದಿನ ಟಿಳಕವಾಡಿಯೇ ಅದು. ಸಹೋದರರು ಜಾಗ ಕಳೆದುಕೊಂಡರು, ಬಹಳ ನಷ್ಟವೂ ಆಯಿತು. ಭಟ್ಟಿ, ಯಂತ್ರ, ಕೆಲಸಗಾರರು ಎಲ್ಲವನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಎದುರಾಯಿತು.

ಆಗ ಕರೆದವರು ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತಪ್ರತಿನಿಧಿ. ಈ ಅರಸ ತಾವೇ ಚಿತ್ರಕಾರರು. ಬಣ್ಣ ಹತ್ತದೆ ಚಿತ್ರಕಲೆ ಬಿಟ್ಟ ಲಕ್ಷ್ಮಣರಾವ್‌ಗೆ ಅವರು ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನು ಕೊಟ್ಟರು, ಕೆಲಸ ಶುರು ಮಾಡಲು ಸಾಲವನ್ನೂ ಕೊಟ್ಟರು.

ಪಾಪಾಸುಕಳ್ಳಿಯ ಮಾಳ

ಜಮೀನು ಎಂದರೆ ಬರೀ ಕಲ್ಲು, ಪಾಪಾಸುಕಳ್ಳಿ, ನಾಗರಹಾವು. ಅಲ್ಲಿಗೆ 25 ಮಂದಿ ಕೆಲಸಗಾರರು ಹೆಂಡಿರು ಮಕ್ಕಳನ್ನು ಕರೆದುಕೊಂಡು ಬಂದರು. 1910ರ ಮಾರ್ಚ್ 10ರಂದು ಕಿರ್ಲೋಸ್ಕರವಾಡಿ ಶುರುವಾಯಿತು. ಕಳ್ಳಿ ಕಡಿದು ಮೊದಲು ಗುಡಿಸಲು ಹಾಕಿಕೊಂಡರು, ಆಮೇಲೆ ಶೆಡ್ ಎದ್ದಿತು. ಮುಂದೆ ಲಕ್ಷ್ಮಣರಾವ್ ಅವರ ಮಗ ಶಂತನುರಾವ್ ತಮ್ಮ ಆತ್ಮಕಥೆಗೆ ‘ಕ್ಯಾಕ್ಟಸ್ ಅಂಡ್ ರೋಸಸ್’ ಎಂದು ಹೆಸರಿಟ್ಟರು. ಆ ಕ್ಯಾಕ್ಟಸ್ ಎಂದರೆ ಏನೆಂದು ಈ ಮಾಳ ಕಂಡವರಿಗೆ ತಿಳಿಯುತ್ತದೆ.

ಬಂದವರಲ್ಲಿ ದೊಡ್ಡ ಡಿಗ್ರಿಯವರು ಕಡಿಮೆ. ರಾಮುಅಣ್ಣ ಊರು ಕಟ್ಟುವ ಯೋಜನೆ, ಆಡಳಿತ ನೋಡಿಕೊಂಡರು. ಶಂಭೋರಾವ್ ಜಾಂಭೇಕರ ಇಂಜಿನಿಯರಿಂಗ್ ಕೆಲಸ ಹೊತ್ತರು. ಮಂಗೇಶರಾವ್ ರೇಗೆ ಲೆಕ್ಕಪತ್ರಕ್ಕೆ ನಿಂತರು. ಶಾಲೆ ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳಣೀಕರ ಕೆಲಸ ಮಾಡುತ್ತಲೇ ಒಳ್ಳೆಯ ಇಂಜಿನಿಯರ್ ಆದರು. ಊರಿನ ಕಾವಲಿಗೆ ತುಕಾರಾಮ ರಾಮೋಶಿ ಮತ್ತು ಪಿರ್‍ಯಾ ಮಾಂಗ ಇದ್ದರು. ಅಪರಾಧದ ಹಣೆಪಟ್ಟಿ ಹೊತ್ತವರನ್ನೂ ನಂಬಿ ರಾತ್ರಿ ಪಹರೆಗೆ ಇಟ್ಟುಕೊಳ್ಳುವ ಧೈರ್ಯ ಲಕ್ಷ್ಮಣರಾವ್ ಅವರಿಗಿತ್ತು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆ ಆಚರಿಸಕೂಡದು ಎಂಬ ಕಟ್ಟು ಇತ್ತು. 100 ವರ್ಷದ ಹಿಂದೆ ಇದು ಸಣ್ಣ ಮಾತಲ್ಲ.

ನಾಲ್ಕು ವರ್ಷದಲ್ಲಿ ಮೊದಲ ಮಹಾಯುದ್ಧ ಬಂತು. ಹೊರಗಿನ ಕಬ್ಬಿಣ, ಕಲ್ಲಿದ್ದಲಿಗೆ ತತ್ವಾರ. ಅದನ್ನೂ ದಾಟಿದರು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ‘ಕಿರ್ಲೋಸ್ಕರ್ ಖಬರ್’ ಎಂಬ ಪತ್ರಿಕೆ ಹೊರಟಿತು. ಮುಂದೆ ಅದೇ ‘ಕಿರ್ಲೋಸ್ಕರ್’ ಮಾಸಿಕವಾಗಿ ಮರಾಠಿ ಮನೆಗಳಲ್ಲಿ ಹೆಸರು ಮಾಡಿತು. 1926ರಲ್ಲಿ ಇಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಬಾವಿ ನೀರು ಮೇಲೆತ್ತಲು ಎತ್ತು, ಮೊಟ್ಟೆ ಕಟ್ಟುತ್ತಿದ್ದ ಸೀಮೆಗೆ ಅದರ ಅರ್ಥ ದೊಡ್ಡದು.

ಮನೆತನದ ಉದ್ಯಮ ಮರಳಿ ಕನ್ನಡ ನಾಡಿಗೂ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಯಂತ್ರ ತಯಾರಿಸಿತು. ಎಷ್ಟೋ ವರ್ಷ ಹರಿಹರಕ್ಕೆ ಅನ್ನ ಕೊಟ್ಟ ಆ ಕಾರ್ಖಾನೆ ಆಮೇಲೆ ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಇಂಜಿನ್ಸ್ ಕಂಪನಿ ಆದವು.

ಲಕ್ಷ್ಮಣರಾವ್ ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಹೀರೋ ಕಂಪನಿ ಲುಧಿಯಾನಾದಲ್ಲಿ ಸೈಕಲ್ ತಯಾರಿಕೆ ಶುರು ಮಾಡಿದ್ದೂ ಅದೇ ವರ್ಷ. ಹಡಗಿನಲ್ಲಿ ಬರುತ್ತಿದ್ದ ಸೈಕಲ್ ದೇಶದೊಳಗೇ ತಯಾರಾಗುವ ಕಾಲವನ್ನು ಅವರು ನೋಡಿ ಹೋದರು. 1969ರಲ್ಲಿ ಅವರ ಜನ್ಮಶತಾಬ್ದಿಗೆ ಅಂಚೆ ಇಲಾಖೆ ಚೀಟಿ ಹೊರಡಿಸಿತು.

ಉಳಿದದ್ದು ಏನು?

ಲೆಕ್ಕ ಹಾಕಿದರೆ ಲಕ್ಷ್ಮಣರಾವ್ ಅವರನ್ನು ಮೂರು ಸಲ ಹೊರಗೆ ಕಳಿಸಲಾಯಿತು. ಕಲಾಶಾಲೆಯಿಂದ ಕಣ್ಣು ಕಳಿಸಿತು, ಮುಂಬಯಿಯಿಂದ ಬಡ್ತಿ ಕಳಿಸಿತು, ಬೆಳಗಾವಿಯಿಂದ ಮುನ್ಸಿಪಾಲಿಟಿ ಕಳಿಸಿತು. ಮೂರೂ ಸಲ ಅವರು ಕೈಯಲ್ಲಿದ್ದ ವಿದ್ಯೆಯನ್ನು ಜತೆಗೇ ಒಯ್ದರು. ಬಿಟ್ಟ ಜಾಗದವರಿಗೆ ಹೋದದ್ದು ಏನೆಂದು ಆಮೇಲೆ ಗೊತ್ತಾಯಿತು. ಬೆಳಗಾವಿಗೆ ಉಳಿದದ್ದು ಒಂದು ರಸ್ತೆಯ ಹೆಸರು, ಕುಂಡಲದ ಮಾಳಕ್ಕೆ ಸಿಕ್ಕಿದ್ದು ಒಂದು ಊರೇ.

ಜತ್ತ, ಅಕ್ಕಲಕೋಟದ ಪೇಟೆಗಳಲ್ಲಿ ವೆಲ್ಡಿಂಗ್, ಲೇತ್, ಪಂಪು ರಿಪೇರಿ, ಸೈಕಲ್ ರಿಪೇರಿ ಇಟ್ಟುಕೊಂಡ ಹುಡುಗರು ಈಗಲೂ ಇದ್ದಾರೆ. ರಸ್ತೆ ಅಗಲ ಮಾಡುವಾಗ, ಕಾಂಪ್ಲೆಕ್ಸ್ ಕಟ್ಟುವಾಗ ಮೊದಲು ಏಳುವುದು ಇಂಥ ಅಂಗಡಿಗಳೇ. ಅವರಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ಯಾರಿಗೂ ಮುಂಚೆ ಗೊತ್ತಾಗುವುದಿಲ್ಲ. ಎಬ್ಬಿಸುವ ಮೊದಲು ಇನ್ನೊಂದು ಜಾಗ ತೋರಿಸುವುದು ಊರಿಗೇ ಲಾಭ. 1910ರಲ್ಲಿ ಒಂದು ಸಣ್ಣ ಸಂಸ್ಥಾನಕ್ಕೆ ಆದ ಲಾಭವೂ ಇದೇ.